ಒಳಗೆ ಬಿಟ್ಟ ಬಟ್ಟೆ

ನಮ್ಮ ದೊಡ್ಡಮ್ಮ ಬಾಯಿ ಮುಚ್ಚಿಕೊಂಡಿರುತ್ತಿದ್ದುದು ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡಿದ್ದಾಗ ಮಾತ್ರ. ಆಗಲೂ ಮೂಗಿನಲ್ಲೇ ಏನಾದರೂ ಹೇಳುತ್ತಿದ್ದಳು. ಅದು ಯಾರಿಗೂ ಅರ್ಥವಾಗುತ್ತಿರಲಿಲ್ಲ ಅನ್ನುವುದೊಂದೇ ಸಮಾಧಾನ.

ಕಾಲೇಜಿನ ವ್ಯಾಯಾಮಶಾಲೆಯ ಮೆಟ್ಟಿಲ ಕೆಳಗೆ ಅವಳ ಕೋಣೆ. ಬಾಗಿಲು ತೆರೆದರೆ ಎದುರಿಗೆ ಹೊಲಿಗೆ ಮಷೀನು, ಎಡಕ್ಕೆ ಬಟ್ಟೆ ಕತ್ತರಿಸುವ ಮೇಜು, ಬಲಕ್ಕೆ ಇಳಿಜಾರಾಗಿ ನೆತ್ತಿಗೆ ತಾಗುವ ಮೆಟ್ಟಿಲುಗಳ ತಳ. ಬಾಸ್ಕೆಟ್‌ಬಾಲ್ ತಂಡದವರು ಅಲ್ಲಿ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಅವರನ್ನು ಹೊರಗೆ ಕಾರಿಡಾರಿನಲ್ಲಿ ನಿಲ್ಲಿಸಿ, ತಾನು ಸ್ಟೂಲು ಹತ್ತಿ ಭುಜದ ಅಳತೆ ತೆಗೆಯುತ್ತಿದ್ದಳು. ಆ ಕೋಣೆಗೂ ನಾನು ಗುಮಾಸ್ತೆಯಾಗಿರುವ ಕ್ರೀಡಾ ವಿಭಾಗದ ಕಚೇರಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಹಲಗೆಯಲ್ಲಿ ಕೈ ತೂರುವಷ್ಟು ಒಂದು ಕಿಂಡಿ. ಹಾಜರಿ ಪುಸ್ತಕ, ಪ್ರಯಾಣದ ಪತ್ರಗಳು ನನ್ನ ಮೇಜಿನ ಮೇಲೆ ಬೀಳುತ್ತಿದ್ದವು. ಆಚೆಯ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

ಅವಳು ನನ್ನ ಅಮ್ಮನ ಅಕ್ಕ. ನಾನು ಕರೆಯುವುದನ್ನು ಕೇಳಿ ಹುಡುಗ ಹುಡುಗಿಯರೂ ದೊಡ್ಡಮ್ಮ ಅನ್ನಲು ಶುರುಮಾಡಿದರು. ಎರಡೇ ವರ್ಷದಲ್ಲಿ ನನ್ನ ದೊಡ್ಡಮ್ಮ ಇಡೀ ಕಾಲೇಜಿನ ದೊಡ್ಡಮ್ಮ ಆಗಿಬಿಟ್ಟಳು. ನನಗೆ ಅದು ಅಷ್ಟೇನೂ ಹಿಡಿಸಿರಲಿಲ್ಲ. ಹೊಟ್ಟೆಕಿಚ್ಚು ಅಂದರೂ ಸರಿಯೇ.

ಕಾಲೇಜು ತಂಡಕ್ಕೆ ಆಯ್ಕೆಯಾದವರಿಗೆಲ್ಲ ಒಂದು ನೀಲಿ ಕೋಟು ಕೊಡುವ ಪದ್ಧತಿ ಇತ್ತು. ಅದನ್ನು ಹೊಲಿಯುವುದೇ ದೊಡ್ಡಮ್ಮನ ಮುಖ್ಯ ಕೆಲಸ. ಮಿಕ್ಕಿದ್ದು ಹರಿದ ಚಡ್ಡಿ, ಕಿತ್ತ ಜಿಪ್ಪು, ಬೆನ್ನ ಮೇಲಿನ ನಂಬರು. ಅವಳ ಕೋಟಿನ ಗುಟ್ಟು ಅದರ ಒಳಗಿತ್ತು. ಬೇರೆಯವರು ಅರ್ಧ ಇಂಚು ಬಿಡುವ ಕಡೆ ಅವಳು ಪಕ್ಕದ ಹೊಲಿಗೆಗಳ ಒಳಗೆ ಒಂದೂವರೆ ಇಂಚು ಬಟ್ಟೆ ಮಡಿಸಿ ಬಿಡುತ್ತಿದ್ದಳು. ಬಟ್ಟೆ ದಂಡ ಎಂದು ಕಚೇರಿಯಿಂದ ಎರಡು ಸಲ ಪತ್ರ ಹೋಗಿತ್ತು. ಟೈಪ್ ಮಾಡಿದವಳು ನಾನೇ. "ಬೆಳೆಯೋ ಮಕ್ಕಳಿಗೆ ಹೊಲೀತಿರೋದು ಕಣೆ, ಗೊಂಬೆಗಲ್ಲ. ನಾಳೆ ದಪ್ಪ ಆದ್ರೆ ಏನು, ಕೋಟು ಬಿಸಾಕ್ತಾರಾ?" ಎಂದು ಆ ಪತ್ರದ ಹಿಂದೆಯೇ ಯಾರದೋ ತೋಳಿನ ಅಳತೆ ಗೀಚಿ ನನಗೆ ವಾಪಸು ಕೊಟ್ಟಿದ್ದಳು.

ಹೊಲಿಗೆಯನ್ನು ಅವಳು ಕಲಿತದ್ದು ನಮ್ಮ ತಾತನಿಂದ. ತಾತನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಹಳೆಯ ಪತ್ರಿಕೆಯನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ, ಮೈ ಸುತ್ತ ಹಿಡಿದು, ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕುತ್ತಿದ್ದ. ಗಿರಾಕಿಗೊಂದು ಪಟ್ಟಿ. ಗೋಡೆಯ ಮೊಳೆಯಲ್ಲಿ ಆ ಪಟ್ಟಿಗಳು ನೇತಾಡುತ್ತಿದ್ದುದು ನನಗೂ ಮಸುಕಾಗಿ ನೆನಪಿದೆ. ಮಗಳು ಮಾತ್ರ ಟೇಪು ಹಿಡಿದಳು, ಅಂಕಿ ಕಲಿತಳು, ಆ ಅಂಕಿಯನ್ನು ಊರಿಗೆಲ್ಲ ಕೇಳುವ ಹಾಗೆ ಕೂಗುವುದನ್ನೂ ಕಲಿತಳು.

ಕ್ರೀಡೆಯ ಮಕ್ಕಳ ಹೊಟ್ಟೆ ಅವರದಲ್ಲ ಎಂದು ಈ ಕೆಲಸಕ್ಕೆ ಸೇರಿದ ಮೇಲೆ ನನಗೆ ಗೊತ್ತಾಯಿತು. ಗುಂಡು ಎಸೆಯುವ ಹುಡುಗ, ಅವನನ್ನು ದೊಡ್ಡಮ್ಮ ಬಂಡೆ ಅನ್ನುತ್ತಿದ್ದಳು, ಹೊಟ್ಟೆ ತುಂಬಿದ ಮೇಲೂ ಕಣ್ಣೀರು ಹಾಕಿಕೊಂಡು ಇನ್ನೆರಡು ಮೊಟ್ಟೆ ತಿನ್ನಬೇಕು. ಕುಸ್ತಿಯವನು ಸ್ಪರ್ಧೆಯ ಹಿಂದಿನ ದಿನ ಎರಡು ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಓಡಿ, ನೀರು ಕುಡಿಯದೆ, ತುಟಿ ಒಡೆದುಕೊಂಡು ಕೂರಬೇಕು. ಒಬ್ಬ ಓಟಗಾರ ಮೊಟ್ಟೆಯ ಹಳದಿಯನ್ನು ವಿಷವೆಂದು ಪಕ್ಕದವನ ತಟ್ಟೆಗೆ ಹಾಕುತ್ತಿದ್ದ. ಪಕ್ಕದವನು ಅದನ್ನು ಅಮೃತವೆಂದು ತಿನ್ನುತ್ತಿದ್ದ. ಎಲ್ಲರ ಬಾಯಲ್ಲೂ ಒಂದೇ ಮಾತು, ಮನಸ್ಸು ಹಿಡಿತದಲ್ಲಿರಬೇಕು. ಹಾಗೆ ಉಪದೇಶ ಮಾಡುವವರಲ್ಲಿ ದೊಡ್ಡಮ್ಮನೂ ಒಬ್ಬಳು. ಅವಳಿಗೆ ಸಕ್ಕರೆ ಕಾಯಿಲೆ. ಗುಂಡಿಗಳ ತಗಡಿನ ಡಬ್ಬಿಯಲ್ಲಿ ಮೇಲೆ ಒಂದು ಪದರ ಗುಂಡಿ, ಕೆಳಗೆಲ್ಲ ಕೆನೆ ಬಿಸ್ಕತ್ತು. ಡಾಕ್ಟರಿಗೆ ಗೊತ್ತಿಲ್ಲ ಅಂದುಕೊಂಡಿದ್ದವಳು ಅವಳೊಬ್ಬಳೇ.

ಆ ವರ್ಷ ಎತ್ತರ ಜಿಗಿತಕ್ಕೆ ಒಬ್ಬಳು ಹೊಸ ಹುಡುಗಿ ಬಂದಳು. ಉದ್ದ ಕಾಲು, ದೊಡ್ಡ ಕಣ್ಣು, ನಿಂತಲ್ಲಿ ನಿಲ್ಲಲಾರದವಳು. ಮೊದಲ ದಿನವೇ ದೊಡ್ಡಮ್ಮ ಅವಳಿಗೆ ಮಿಡತೆ ಎಂದು ಹೆಸರಿಟ್ಟಳು. ಕೋಟಿನ ಅಳತೆ ಕೊಟ್ಟು ಹೋದವಳು ಎರಡು ತಿಂಗಳಾದ ಮೇಲೆ ಹಾಕಿ ನೋಡಲು ಬಂದಳು. ಅಷ್ಟರಲ್ಲಿ ಹಾಸ್ಟೆಲಿನ ಅನ್ನ ಮೈಗೆ ಹತ್ತಿತ್ತು. ಕೋಟಿನ ಗುಂಡಿ ಸ್ವಲ್ಪ ಎಳೆಯಿತು. ಕೋಣೆಯಲ್ಲಿ ತಂಡದ ಏಳೆಂಟು ಜನ ಇದ್ದರು.

"ಏನೇ ಮಿಡತೆ, ಹಾಸ್ಟೆಲ್ ಊಟ ನಿಂಗೆ ಚೆನ್ನಾಗೇ ಒಗ್ಗಿದೆ," ಎಂದಳು ದೊಡ್ಡಮ್ಮ, ಪಿನ್ನುಗಳನ್ನು ಬಾಯಿಂದ ತೆಗೆದು, ಎಲ್ಲರಿಗೂ ಸರಿಯಾಗಿ ಕೇಳಲಿ ಅಂತ. "ಹಿಂಗೇ ತಿಂತಿದ್ರೆ ಆ ಕೋಲಿನ ಮೇಲೆ ಹಾರೋದಿರ್ಲಿ, ಕೆಳಗೆ ತೂರ್ಕೊಂಡು ಹೋಗೋಕೂ ಆಗಲ್ಲ ನೋಡು."

ಎಲ್ಲರೂ ನಕ್ಕರು. ಹಲಗೆಯ ಈಚೆ ನಾನೂ ನಕ್ಕೆ. ಮಿಡತೆ ಎಲ್ಲರಿಗಿಂತ ಜೋರಾಗಿ ನಕ್ಕಳು. ದೊಡ್ಡಮ್ಮ ಅರ್ಧ ಇಂಚು ಬಿಚ್ಚಿ ಕೋಟು ಸರಿಮಾಡಿ ಕೊಟ್ಟಳು, ಊಟದ ಹೊತ್ತಿಗೆ ಆ ಮಾತನ್ನು ಮರೆತಳು. ದಿನಕ್ಕೆ ಅಂಥವು ಇಪ್ಪತ್ತು ಆಡುತ್ತಿದ್ದವಳಿಗೆ ಯಾವುದು ನೆನಪಿರುತ್ತದೆ?

ಮೂರು ವಾರ ಬಿಟ್ಟು ಮಿಡತೆ ಕೋಟು ಹಿಡಿದು ಬಂದಳು. ದೊಗಲೆಯಾಗಿದೆ, ಒಳಗೆ ಹಿಡಿಯಬೇಕು ಅಂದಳು. ದೊಡ್ಡಮ್ಮ ಅಳೆದು ನೋಡಿ ಹುಬ್ಬೇರಿಸಿ, "ಮನಸ್ಸಂದ್ರೆ ಇದು. ನೋಡಿ ಕಲ್ತ್ಕೊಳ್ಳಿ," ಎಂದು ಅಲ್ಲಿದ್ದ ಇಬ್ಬರಿಗೆ ಹೇಳಿದಳು. ಇನ್ನೊಂದು ತಿಂಗಳಿಗೆ ಮತ್ತೆ ಬಂದಳು. ಆಮೇಲೆ ಮತ್ತೆ. ಅಷ್ಟರಲ್ಲಿ ಅವಳ ಜಿಗಿತ ನಾಲ್ಕು ಸೆಂಟಿಮೀಟರು ಏರಿತ್ತು. ಕೋಚ್, ಅವರಿಗೆ ಎಲ್ಲರೂ ಸೀಟಿ ಸರ್ ಅನ್ನುತ್ತಿದ್ದರು, ಅವರೂ ಹಗುರಾದಷ್ಟೂ ಒಳ್ಳೆಯದು ಎಂದು ಬೆನ್ನು ತಟ್ಟಿದ್ದರು. ಶನಿವಾರ ಬಂತೆಂದರೆ ಮಿಡತೆ ದೊಡ್ಡಮ್ಮನ ಎದುರು ಕೈ ಎತ್ತಿ ನಿಲ್ಲುತ್ತಿದ್ದಳು. ಕೋಟು ಇರಲಿ ಬಿಡಲಿ, ಅಳತೆ ಬೇಕು. ಆ ಅಂಕಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವು ಮಾಡಿದ ಕೆಲಸ ಸಾಕು.

ದೊಡ್ಡಮ್ಮನಿಗೋ ಒಳಗೊಳಗೇ ಹೆಮ್ಮೆ. "ಬೇರೆ ಯಾರ ಮಾತೂ ಕೇಳಲ್ಲ, ನನ್ನ ಹತ್ರ ಮಾತ್ರ ಬರ್ತಾಳೆ ನೋಡು," ಎಂದು ನನಗೆ ಕೇಳುವಂತೆ ಹೇಳುತ್ತಿದ್ದಳು.

ಐದನೆಯ ಸಲ ಕೋಟು ಬಂದಾಗ ದೊಡ್ಡಮ್ಮ ಅದನ್ನು ತಿರುವಿ ಮೇಜಿನ ಮೇಲೆ ಹರಡಿದಳು. ಮಷೀನು ಶುರುವಾಗುವ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಲಗೆ ಬಡಿದು, "ಬಾ ಇಲ್ಲಿ," ಎಂದಳು.

ಹೋಗಿ ನೋಡಿದೆ. ಕೋಟಿನ ಎರಡೂ ಪಕ್ಕದಲ್ಲಿ ಹಳೆಯ ಹೊಲಿಗೆಗಳ ಸೂಜಿ ತೂತುಗಳು ನಾಲ್ಕು ಸಾಲು, ಒಂದರ ಪಕ್ಕ ಒಂದು. ಪ್ರತಿ ಸಲ ಹೊಲಿಗೆ ಒಳಕ್ಕೆ ಸರಿದಂತೆ ಎದುರಿನ ಜೇಬುಗಳು ಪಕ್ಕೆಯ ಕಡೆ ಸರಿದು ಬೆನ್ನಿಗೆ ಹತ್ತಿರವಾಗಿದ್ದವು. ಒಳಗೆ ಅವಳು ಬಿಟ್ಟಿದ್ದ ಒಂದೂವರೆ ಇಂಚು ಈಗ ಮೂರು ಬೆರಳಿಗಿಂತ ಹೆಚ್ಚಾಗಿ, ಮಡಿಕೆ ಮಡಿಕೆಯಾಗಿ ಉಬ್ಬಿಕೊಂಡಿತ್ತು.

"ಇಷ್ಟು ದಿನ ಹೊಲ್ದಿದ್ದು ನಾನೇ," ಎಂದಳು ದೊಡ್ಡಮ್ಮ. "ಒಂದ್ಸಲನೂ ಎಲ್ಲಾ ಸೇರಿಸಿ ನೋಡ್ಲಿಲ್ಲ ಕಣೆ."

ಆ ಶನಿವಾರ ಮಿಡತೆ ಬಂದಾಗ ದೊಡ್ಡಮ್ಮ ಟೇಪು ಹಿಡಿಯಲಿಲ್ಲ. ಬಿಸಿಲು ಕಾಲ, ಹುಡುಗಿ ಸ್ವೆಟರ್ ಹಾಕಿಕೊಂಡಿದ್ದಳು. ಉಗುರು ನೀಲಿ. ದೊಡ್ಡಮ್ಮ ಸ್ಟೂಲಿನ ಮೇಲೆ ಕೂರಿಸಿ ಕೇಳಿದಳು, "ಯಾರೇ ನಿಂಗೆ ಹಿಂಗೆ ಇಳಿಸು ಅಂದಿದ್ದು?"

ಹುಡುಗಿ ಆಶ್ಚರ್ಯದಿಂದ ನೋಡಿದಳು. "ನೀವೇ ಅಲ್ವಾ ದೊಡ್ಡಮ್ಮ?" ಅಂದಳು. ದೂರುವ ದನಿಯಲ್ಲ, ನೆನಪು ಮಾಡಿಕೊಡುವ ದನಿ. "ಕೋಲಿನ ಕೆಳಗೆ ತೂರೋಕೂ ಆಗಲ್ಲ ಅಂದ್ರಿ. ತಮಾಷೆಗೆ ಅಂದಿದ್ದು, ಗೊತ್ತು ನಂಗೆ. ಆದ್ರೂ ಊಟಕ್ಕೆ ಕೂತಾಗೆಲ್ಲ ಅದೇ ಕೇಳ್ಸುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ನನಗೆ ನೂರು ಸಲ ಹೇಳಿದವಳು ದೊಡ್ಡಮ್ಮ. ಆ ದಿನ ಅವಳು ಮಧ್ಯಾಹ್ನದ ಊಟದ ಡಬ್ಬಿ ತೆರೆಯಲಿಲ್ಲ. ಬಿಸ್ಕತ್ತಿನ ಡಬ್ಬಿಯನ್ನೂ ತೆರೆಯಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ.

ಅವಳು ನೇರವಾಗಿ ಸೀಟಿ ಸರ್ ಹತ್ತಿರ ಹೋಗಿ ಎಲ್ಲ ಹೇಳಿದಳು. ಅವರು ಒಳ್ಳೆಯ ಮನುಷ್ಯ, ಆದರೆ ಅವರಿಗೆ ಗೊತ್ತಿದ್ದುದು ಆಜ್ಞೆ ಮಾಡುವುದೊಂದೇ. ಹಾಸ್ಟೆಲಿನ ತೂಕದ ಯಂತ್ರವನ್ನು ಎತ್ತಿಸಿ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಿಡತೆಯನ್ನು ಕರೆದು, ದಿನಕ್ಕೆ ಮೂರು ಹೊತ್ತು ತಟ್ಟೆ ಖಾಲಿ ಮಾಡಬೇಕು, ಇದು ನನ್ನ ಆರ್ಡರ್ ಅಂದರು. ಹುಡುಗಿ ಸರಿ ಸರ್ ಅಂದಳು. ತಟ್ಟೆ ಖಾಲಿಯಾಗುತ್ತಿತ್ತು, ಹಾಸ್ಟೆಲಿನ ಹಿಂದಿನ ಬೆಕ್ಕುಗಳು ದಪ್ಪಗಾದವು. ತೂಕದ ಯಂತ್ರ ಹೋದ ಮೇಲೆ ಅವಳಿಗೆ ಉಳಿದದ್ದು ದೊಡ್ಡಮ್ಮನ ಟೇಪು ಒಂದೇ. ವಾರಕ್ಕೊಂದು ಸಲ ಬರುತ್ತಿದ್ದವಳು ಎರಡು ಸಲ ಬಂದಳು. ಅಳೆಯಲ್ಲ ಅಂದರೆ ಮುಖ ಬಿಳುಚಿಕೊಳ್ಳುತ್ತಿತ್ತು, ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ಆಗ ದೊಡ್ಡಮ್ಮ ಒಂದು ಉಪಾಯ ಮಾಡಿದಳು. ದರ್ಜಿಗೆ ಮಾತ್ರ ಹೊಳೆಯುವಂಥ ಉಪಾಯ, ದರ್ಜಿ ಮಾತ್ರ ಮಾಡುವಂಥ ತಪ್ಪು. ಬಟ್ಟೆಯ ಟೇಪು ವರ್ಷಗಟ್ಟಲೆ ಎಳೆದಾಡಿದರೆ ಹಿಗ್ಗಿ ಉದ್ದವಾಗುತ್ತದೆ. ಹಿಗ್ಗಿದ ಟೇಪಿನಲ್ಲಿ ಅಳೆದರೆ ಅಂಕಿ ಕಡಿಮೆ ಬರುತ್ತದೆ. ಅವಳ ಹತ್ತಿರ ಅಂಥ ಒಂದು ಹಳೆಯ ಹಳದಿ ಟೇಪು ಇತ್ತು; ಪೂರ್ತಿ ಬಿಚ್ಚಿದರೆ ತುದಿಯಲ್ಲಿ ಎರಡು ಇಂಚು ಹೆಚ್ಚು. ಕಿಂಡಿಯ ಪಕ್ಕದ ಮೊಳೆಗೆ ನೇತುಹಾಕಿದ್ದ ಹೊಸದನ್ನು ತೆಗೆದು ಇದನ್ನು ಹಾಕಿದಳು. ಜೊತೆಗೆ ಕೋಟಿನ ಹೊಲಿಗೆಯನ್ನು ಹುಡುಗಿಗೆ ಗೊತ್ತಾಗದಂತೆ ಒಂದೊಂದು ನೂಲೆಳೆ ಹೊರಕ್ಕೆ ಸರಿಸತೊಡಗಿದಳು.

"ಇವಳು ಒಂದು ತುತ್ತು ಜಾಸ್ತಿ ತಿಂದ್ರೂ ಟೇಪು ಏರಲ್ಲ, ಕೋಟೂ ಬಿಗಿಯಾಗಿ ಹಿಡಿಯಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಧೈರ್ಯ ಬರುತ್ತೆ. ತಿಂತಾಳೆ."

"ಸಿಕ್ಕಿಬಿದ್ರೆ?"

"ಟೇಪ್ ಮೇಲೆ ಯಾರಿಗೇ ಅನುಮಾನ ಬರುತ್ತೆ?"

ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಏಕೆಂದರೆ ಉಪಾಯ ಕೆಲಸ ಮಾಡಿತು. ಒಂದೂವರೆ ತಿಂಗಳು ಅಂಕಿ ಅಲ್ಲಾಡಲಿಲ್ಲ. ಮಿಡತೆಯ ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ಒಂದು ದಿನ ನನ್ನ ಮೇಜಿನಿಂದ ಕೇಳದೆ ಬಾಳೆಹಣ್ಣು ಎತ್ತಿಕೊಂಡು ಹೋದಳು. ನಾನು ಕಳ್ಳಿ ಎಂದು ಬೈದೆ, ದೊಡ್ಡಮ್ಮ ಆಚೆ ಕಡೆಯಿಂದ ಖುಷಿಗೆ ಮೇಜು ಕುಟ್ಟಿದಳು.

ಕೆಟ್ಟದ್ದು ನನ್ನ ಕೈಯಿಂದಲೇ. ಎತ್ತರ ಜಿಗಿಯುವವರು ಕೋಲಿನಿಂದ ಇಷ್ಟು ದೂರ ಎಂದು ಅಳೆದು ನೆಲದ ಮೇಲೆ ಗುರುತು ಹಾಕಿಕೊಳ್ಳುತ್ತಾರೆ; ಆ ಗುರುತಿನಿಂದಲೇ ಓಟ ಶುರುವಾದರೆ ಹಾರುವ ಕಾಲು ಸರಿಯಾದ ಜಾಗದಲ್ಲಿ ಬೀಳುತ್ತದೆ. ಮೈದಾನದ ಸ್ಟೀಲ್ ಟೇಪನ್ನು ಈಟಿ ಎಸೆಯುವವರು ಒಯ್ದಿದ್ದರು. ಮಿಡತೆ ಓಡುತ್ತಾ ಕಚೇರಿಗೆ ಬಂದು ಒಂದು ಟೇಪು ಕೇಳಿದಳು. ದೊಡ್ಡಮ್ಮ ಚಹಾ ಕುಡಿಯಲು ಹೋಗಿದ್ದಳು. ನಾನು ಫೋನಿನಲ್ಲಿ ಮಾತಾಡುತ್ತಲೇ ಕಿಂಡಿಯಿಂದ ಕೈ ತೂರಿಸಿ ಮೊಳೆಯಲ್ಲಿದ್ದ ಹಳದಿ ಟೇಪು ಎಳೆದು ಕೊಟ್ಟೆ. ಅವಳು ಹೋದ ಎಷ್ಟೋ ಹೊತ್ತಿನ ಮೇಲೆ ಏನು ಕೊಟ್ಟೆನೆಂದು ತಲೆಗೆ ಹೋಯಿತು.

ಅವಳು ಮೂರು ಸಲ ಹಾರಿ ಮೂರು ಸಲವೂ ಕೋಲು ಬೀಳಿಸಿದಳಂತೆ. ಎಡವಟ್ಟು ಎಲ್ಲಿದೆ ಎಂದು ಹುಡುಕಿ, ಸ್ಟೀಲ್ ಟೇಪು ವಾಪಸು ಬಂದ ಮೇಲೆ ಗುರುತನ್ನು ಮತ್ತೆ ಅಳೆದಳಂತೆ. ಮಧ್ಯಾಹ್ನ ಎರಡನ್ನೂ ತಂದು ದೊಡ್ಡಮ್ಮನ ಮೇಜಿನ ಮೇಲೆ ಒಂದರ ಪಕ್ಕ ಒಂದು ಬಿಡಿಸಿಟ್ಟಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ನಂಗೆ ಎಷ್ಟು ದಿನದಿಂದ ಇದ್ರಲ್ಲಿ ಅಳೀತಿದೀರ?"

ದೊಡ್ಡಮ್ಮ ಹೇಳಿದಳು. ಸುಳ್ಳು ಸೇರಿಸಲಿಲ್ಲ.

"ಎಲ್ರೂ ನಂಗೆ ಗೊತ್ತಾಗ್ದಂಗೆ ಏನೋ ಒಂದು ಮಾಡ್ತಾರೆ," ಎಂದಳು ಹುಡುಗಿ. "ಸರ್ ಮಷೀನ್ ಬಚ್ಚಿಟ್ರು. ನೀವೊಬ್ರು ನಿಜ ಹೇಳ್ತೀರ ಅಂದ್ಕೊಂಡಿದ್ದೆ." ಹಳದಿ ಟೇಪನ್ನು ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟು ಹೋದಳು. ಆಮೇಲೆ ಬರಲಿಲ್ಲ.

ಗಳಿಸಿದ್ದೆಲ್ಲ ಮೂರು ವಾರದಲ್ಲಿ ಕರಗಿತು. ನಾವು ಅವಳನ್ನು ದೂರದಿಂದ ನೋಡುತ್ತಿದ್ದೆವು, ಮೈದಾನದ ಆ ತುದಿಯಲ್ಲಿ ಎಲ್ಲರೂ ಹೋದ ಮೇಲೂ ಓಡುತ್ತಿದ್ದವಳನ್ನು. ನಾಲ್ಕನೆಯ ವಾರ ಹಾರಲು ಒತ್ತಿದ ಕಾಲು ಹಾಗೇ ಕುಸಿಯಿತು. ಪಾದದ ಮೂಳೆಯಲ್ಲಿ ಬಿರುಕು. ಬಿದ್ದು ಆದ ಬಿರುಕಲ್ಲ, ತಿನ್ನದೆ ಸವೆದ ಮೂಳೆಗೆ ಆದದ್ದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಮೈಗೆ ಬೇಕಾದ್ದು ಕೊಡದಿದ್ದರೆ ಈ ಹುಡುಗಿ ಇನ್ನು ಹಾರುವುದಿಲ್ಲ. ಹಾರುವುದಿರಲಿ, ಬೇರೆ ಮೂಳೆಗಳೂ ಇದೇ ದಾರಿ ಹಿಡಿಯುತ್ತವೆ. ಇನ್ನು ವಾರಕ್ಕೊಮ್ಮೆ ತಮ್ಮ ಹತ್ತಿರ ಬರಲೇಬೇಕೆಂದು ಬರೆದುಕೊಟ್ಟರು. ಪ್ಲಾಸ್ಟರ್ ಹಾಕಿಸಿಕೊಂಡು ಮಿಡತೆ ಹಾಸ್ಟೆಲಿನ ಮೂರನೆಯ ಮಹಡಿಯಲ್ಲಿ ಗೋಡೆ ನೋಡುತ್ತಾ ಮಲಗಿದಳು.

ಎಲ್ಲರೂ ತಿನ್ನಲು ಹೊತ್ತುಕೊಂಡು ಹೋದರು. ಸೀಟಿ ಸರ್ ಬಾಳೆಹಣ್ಣಿನ ಗೊನೆಯನ್ನೇ ಹೊತ್ತರು, ವಾರ್ಡನ್ ಹಾಲು ಒಯ್ದರು, ಬಂಡೆ ತನ್ನ ಪಾಲಿನ ಮೊಟ್ಟೆ ಕೊಟ್ಟ. ಅವನಿಗೂ ಅದರಿಂದ ಬಿಡುಗಡೆ ಸಿಕ್ಕಿತೆನ್ನಿ. ಹಣ್ಣು ಕಿಟಕಿಯಲ್ಲಿ ಕಪ್ಪಾಯಿತು.

ದೊಡ್ಡಮ್ಮ ಎರಡು ದಿನ ಯೋಚಿಸಿ ಮೂರನೆಯ ದಿನ ಹೊರಟಳು. ಮಂಡಿನೋವಿನಿಂದ ವ್ಯಾಯಾಮಶಾಲೆಯ ಮೂರು ಮೆಟ್ಟಿಲು ಹತ್ತಲೂ ಶಾಪ ಹಾಕುತ್ತಿದ್ದವಳು ಮೂರು ಮಹಡಿ ಹತ್ತಿದಳು, ಹಿಂದೆ ಗುಂಡಿ ಹೊಲಿಯಬೇಕಿದ್ದ ಕೋಟುಗಳ ಗಂಟು ಹೊತ್ತುಕೊಂಡು ನಾನು. ಬಾಗಿಲಲ್ಲಿ ಐದು ನಿಮಿಷ ಏದುಸಿರು ಬಿಟ್ಟಳು. ಹುಡುಗಿ ತಿರುಗಿ ನೋಡಲಿಲ್ಲ.

"ಆ ಮಾತು ನಂದು, ತಪ್ಪೂ ನಂದು," ಎಂದಳು ದೊಡ್ಡಮ್ಮ ಕುರ್ಚಿ ಎಳೆದುಕೊಂಡು. "ಮೊದಲು ಆಡಬಾರದ್ದು ಆಡಿದೆ. ಅದನ್ನ ಮುಚ್ಚೋಕೆ ಟೇಪಲ್ಲಿ ಮೋಸ ಮಾಡ್ದೆ. ಎರಡೂ ಮಾಡಿದ್ದು ನಾನೇ. ಬೈಬೇಕು ಅನ್ಸಿದ್ರೆ ಬೈ, ಕೂತ್ಕೊಂಡಿರ್ತೀನಿ."

ಹುಡುಗಿ ಬೈಯಲಿಲ್ಲ. ದೊಡ್ಡಮ್ಮ ಚೀಲದಿಂದ ಹೊಸ ಟೇಪು ತೆಗೆದು ಹಾಸಿಗೆಯ ಮೇಲಿಟ್ಟು, ಎದ್ದು ಎರಡೂ ಕೈ ಎತ್ತಿ ನಿಂತಳು. "ನನ್ನ ಸೊಂಟ ಅಳಿ."

ನನಗೆ ನಂಬಲಾಗಲಿಲ್ಲ. ಆ ಅಳತೆಯನ್ನು ಅವಳು ನನ್ನಮ್ಮನಿಗೂ ಕೊಟ್ಟವಳಲ್ಲ. ತನ್ನ ಬಟ್ಟೆಯನ್ನು ತಾನೇ ಬಾಗಿಲು ಹಾಕಿಕೊಂಡು ಅಂದಾಜಿಗೆ ಕತ್ತರಿಸಿಕೊಳ್ಳುತ್ತಿದ್ದಳು. ಮಿಡತೆ ಬಹಳ ಹೊತ್ತು ನೋಡಿ, ಒಂದು ಕಾಲಿನ ಮೇಲೆ ಎದ್ದು, ಟೇಪು ಸುತ್ತಿದಳು. ಅವಳ ಕೈಗೆ ಸುತ್ತು ಎಟುಕದೆ ನಾನು ಟೇಪನ್ನು ಹಿಂದಿನಿಂದ ದಾಟಿಸಬೇಕಾಯಿತು.

"ಉಸಿರು ಹಿಡ್ಕೊಂಡಿದೀರ," ಎಂದಳು ಹುಡುಗಿ.

ದೊಡ್ಡಮ್ಮ ಉಸಿರು ಬಿಟ್ಟಳು. "ಓದು ಈಗ. ಜೋರಾಗಿ ಓದು, ಕಾರಿಡಾರಿಗೆ ಕೇಳ್ಬೇಕು. ನಾನು ನಿಂದು ಹಂಗೇ ಓದಿದ್ದೆ."

"ನಲವತ್ತೊಂಬತ್ತೂವರೆ," ಎಂದು ಹುಡುಗಿ ಮೆಲ್ಲಗೆ ಓದಿದಳು. ಜೋರಾಗಿ ಓದಲಿಲ್ಲ. ದೊಡ್ಡಮ್ಮನ ಕಿವಿ ಕೆಂಪಾಗಿದ್ದುದನ್ನು ಅವಳೂ ನೋಡಿದ್ದಳು. ಹಾಗೆ ಮೆಲ್ಲಗೆ ಓದಿದಳಲ್ಲ, ಅವತ್ತಿನಿಂದ ಅವಳು ನನಗೂ ನಮ್ಮ ಮನೆಯ ಹುಡುಗಿಯಾದಳು.

ಹೊರಡುವ ಮೊದಲು ದೊಡ್ಡಮ್ಮ ಗುಂಡಿ ಡಬ್ಬಿಯನ್ನು ಅವಳ ತಲೆದಿಂಬಿನ ಪಕ್ಕ ಇಟ್ಟಳು. "ಇದು ನಿನ್ನ ಹತ್ರ ಇರ್ಲಿ. ನಂಗೆ ಕೈ ತಡೆಯೋಕಾಗಲ್ಲ, ನಿಂಗೆ ಕೈ ಚಾಚೋಕಾಗಲ್ಲ. ದಿನಾ ನಾಲ್ಕು ಗಂಟೆಗೆ ಬರ್ತೀನಿ. ಡಾಕ್ಟ್ರು ನಂಗೆ ಒಂದು ಬಿಸ್ಕತ್ತು ಬಿಟ್ಟಿದಾರೆ. ಒಂದೇ ಕೊಡು. ಎರಡನೇದು ಕೇಳಿದ್ರೆ ಕೈ ಮೇಲೆ ಹೊಡಿ. ಆದ್ರೆ ಒಬ್ಳೇ ತಿನ್ನೋಕೆ ನಂಗೆ ನಾಚಿಕೆ, ನೀನೂ ಒಂದು ತಗೋಬೇಕು."

ಡಾಕ್ಟರು ಒಂದೂ ಬಿಟ್ಟಿರಲಿಲ್ಲ. ಮರುದಿನ ಅವರ ಹತ್ತಿರ ಹೋಗಿ ಜಗಳವಾಡಿ ಒಂದಕ್ಕೆ ಒಪ್ಪಿಸಿದಳು, ಇನ್ನು ಸುಳ್ಳು ಹೇಳಬಾರದು ಅಂತ.

ಹೀಗೆ ಶುರುವಾಯಿತು. ದಿನಾ ನಾಲ್ಕು ಗಂಟೆಗೆ ಮೂರು ಮಹಡಿ, ಒಂದು ಗಂಟೆ ಅಲ್ಲೇ ಕೂತು ಗುಂಡಿ ಹೊಲಿಯುವುದು, ಒಂದು ಬಿಸ್ಕತ್ತು. ಮೊದಲ ಎರಡು ವಾರ ಮಿಡತೆ ತನ್ನ ಪಾಲಿನದನ್ನು ತಿಂದ ಹಾಗೆ ಮಾಡಿ ಸ್ವೆಟರಿನ ಜೇಬಿಗೆ ಇಳಿಸುತ್ತಿದ್ದಳು. ನಲವತ್ತು ವರ್ಷ ಜೇಬು ಹೊಲಿದವಳಿಗೆ ಜೇಬಿನಲ್ಲಿ ಏನಿದೆಯೆಂದು ಗೊತ್ತಾಗದೆ? ಆದರೆ ಏನೂ ಅನ್ನಲಿಲ್ಲ. ಮನೆಗೆ ಬಂದು ನನ್ನ ಮುಂದೆ ಮಾತ್ರ ಒದ್ದಾಡುತ್ತಿದ್ದಳು, "ಹೇಳಿಬಿಡ್ಲೇನೆ? ನಾಲಿಗೆ ತುದಿಗೆ ಬಂದಿದೆ ಕಣೆ." ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಎರಡೂ ತಿಳಿಯದ ಒಬ್ಬಳು ಅರವತ್ತರ ಹತ್ತಿರ ಬಂದು ಒಂದನ್ನು ಕಲಿಯುತ್ತಿದ್ದಳು. ಮೂರನೆಯ ವಾರ ಒಂದು ದಿನ ಮಿಡತೆ ಬಿಸ್ಕತ್ತನ್ನು ಎರಡು ಹೋಳು ಮಾಡಿ, ನೀರಿನ ಜೊತೆ, ಮಾತ್ರೆ ನುಂಗಿದ ಹಾಗೆ ನುಂಗಿದಳು. ಕಣ್ಣಲ್ಲಿ ನೀರು. ದೊಡ್ಡಮ್ಮ ಸೂಜಿಗೆ ದಾರ ಪೋಣಿಸುತ್ತಾ ಕೂತಳು. ಆ ದಾರ ಆಗಲೇ ಪೋಣಿಸಿತ್ತು. ಒಂದು ತುತ್ತಿನಿಂದ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಮುಂದೆ ಎಷ್ಟೋ ದಿನ ಆ ಜೇಬಿಗೆ ಮತ್ತೆ ಬಿಸ್ಕತ್ತು ಇಳಿಯಿತು, ಡಾಕ್ಟರ ಹತ್ತಿರ ಓಡಾಟ ನಿಲ್ಲಲಿಲ್ಲ.

ಆ ಹೊತ್ತಿಗೇ ಕೆಳಗಿನ ಕೋಣೆಯಲ್ಲಿ ಟೇಪು ಮಾಯವಾಯಿತು. ದೊಡ್ಡಮ್ಮ ತಾತನ ಪದ್ಧತಿಗೆ ತಿರುಗಿದ್ದಳು. ಪತ್ರಿಕೆಯ ಪಟ್ಟಿ, ಕತ್ತರಿಯ ಕಚ್ಚು, ಮೇಲೆ ಅಡ್ಡಹೆಸರು. ಅಂಕಿ ಇಲ್ಲ. ನಂದು ಎಷ್ಟು ಬಂತು ದೊಡ್ಡಮ್ಮ ಎಂದು ಯಾರಾದರೂ ಕೇಳಿದರೆ, "ನಿನ್ನಷ್ಟು ಬಂತು," ಅನ್ನುತ್ತಿದ್ದಳು. ಕಚೇರಿಯ ನಮೂನೆಗಳಿಗೆ ಅಂಕಿ ಬೇಕೇ ಬೇಕು. ಆ ಪಟ್ಟಿಗಳನ್ನು ಸ್ಕೇಲಿನ ಮೇಲೆ ಇಟ್ಟು ಬರೆದುಕೊಳ್ಳುವ ಕರ್ಮ ನನ್ನ ಪಾಲಿಗೆ ಬಂತು. ಗೊಣಗುತ್ತಾ ಮಾಡಿದೆ. ಮೊಳೆಯ ಮೇಲೆ ಬಂಡೆಯ ಪಟ್ಟಿ, ಕುಸ್ತಿಯವನ ಪಟ್ಟಿ ಎಲ್ಲ ಒಟ್ಟಿಗೆ ನೇತಾಡುತ್ತಿದ್ದವು. ಮಿಡತೆಯದು ಇರಲಿಲ್ಲ. ಅವಳನ್ನು ದೊಡ್ಡಮ್ಮ ಮತ್ತೆ ಅಳೆದಿರಲಿಲ್ಲ.

ಪ್ಲಾಸ್ಟರ್ ತೆಗೆದರು. ನಡೆದಳು, ಆಮೇಲೆ ಓಡಿದಳು. ಸೀಟಿ ಸರ್ ಕೋಲನ್ನು ಮೊಣಕಾಲಿನ ಎತ್ತರಕ್ಕೆ ಇಟ್ಟು ಮೊದಲಿನಿಂದ ಶುರುಮಾಡಿಸಿದರು. ಮೂಳೆ ಬಿರಿದು ಎಂಟು ತಿಂಗಳು ಕಳೆದಿತ್ತು. ಒಂದು ಶನಿವಾರ ಬೆಳಿಗ್ಗೆ ನಾನು ಹಾಜರಿ ಬರೆಯುತ್ತಿದ್ದಾಗ ಆಚೆಯ ಬಾಗಿಲು ಕಿರುಗುಟ್ಟಿತು.

"ದೊಡ್ಡಮ್ಮ." ಮಿಡತೆಯ ದನಿ. ಕೋಟನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ, "ಕೋಟು ಹಿಡಿಯುತ್ತೆ. ಸ್ವಲ್ಪ ಬಿಚ್ಚಿ ಕೊಡ್ತೀರಾ?"

ನನ್ನ ಪೆನ್ನು ನಿಂತಿತು. ಹಿಡಿಯುತ್ತೆ ಎನ್ನುವ ಆ ಒಂದು ಮಾತನ್ನು ಈ ಹುಡುಗಿ ತಾನಾಗಿ ಆಡಬೇಕಾದರೆ ಏನು ಕಷ್ಟಪಟ್ಟಿದ್ದಾಳೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಈಗ ದೊಡ್ಡಮ್ಮ ಒಂದು ಮಾತು ಆಡಿದರೆ ಮುಗಿಯಿತು. ಭೇಷ್ ಅಂದರೂ ಕೆಟ್ಟಿತು, ಗುಂಡಗಾಗಿದ್ದೀಯ ಅಂದರಂತೂ ಸರಿಯೇ ಸರಿ. ನಾನು ಹಲಗೆಗೆ ಕಿವಿಯಿಟ್ಟು ಕಾದೆ.

ಮಾತು ಬರಲಿಲ್ಲ. ಕುರ್ಚಿ ಸರಿಯಿತು. ಕೋಟು ಕೊಡವಿದ ಸದ್ದು. ಆಮೇಲೆ ಕತ್ತರಿಯ ತುದಿ ಒಂದೊಂದೇ ಹೊಲಿಗೆ ಕತ್ತರಿಸುವ ಟಕ್, ಟಕ್. ಬಹಳ ಹೊತ್ತು ಅದೊಂದೇ. ಆಮೇಲೆ ಇಸ್ತ್ರಿ, ಆಮೇಲೆ ಮಷೀನು.

"ಗೆರೆ ಕಾಣುತ್ತೆ," ಎಂದಳು ಮಿಡತೆ. ಕಿಂಡಿಯಿಂದ ಇಣುಕಿದೆ. ಬಿಸಿಲಿಗೆ ಮಾಸಿದ ಕೋಟಿನ ಎರಡೂ ಪಕ್ಕೆಯಲ್ಲಿ, ಇಷ್ಟು ದಿನ ಒಳಗಿದ್ದ ಬಟ್ಟೆ ಕಡುನೀಲಿ ಪಟ್ಟಿಯಾಗಿ ಎದ್ದು ಕಾಣುತ್ತಿತ್ತು. ಅವಳು ಅದರ ಮೇಲೆ ಬೆರಳಾಡಿಸಿದಳು. "ಇರ್ಲಿ ಬಿಡಿ. ಚೆನ್ನಾಗೇ ಇದೆ." ಗುಂಡಿ ಹಾಕಿಕೊಂಡು, ಮೇಜಿನ ಮೇಲೆ ಗುಂಡಿ ಡಬ್ಬಿಯನ್ನು ಇಟ್ಟು ಹೊರಟಳು. ಹೋಗುವಾಗ ನನ್ನ ಮೇಜಿನಿಂದ ಒಂದು ಬಾಳೆಹಣ್ಣು ಎತ್ತಿಕೊಂಡಳು. ನಾನು ಬೈಯಲಿಲ್ಲ.

ಅವಳ ಹೆಜ್ಜೆಯ ಸದ್ದು ದೂರವಾದ ಮೇಲೆ ದೊಡ್ಡಮ್ಮ ಹಲಗೆ ಬಡಿದಳು. "ಕೇಳಿಸ್ಕೊಂಡ್ಯೇನೆ?"

"ಏನೂ ಕೇಳಿಸ್ಲಿಲ್ಲ."

"ಅದೇ ಮತ್ತೆ," ಎಂದಳು. ಗೆದ್ದವಳ ದನಿ. ಸ್ವಲ್ಪ ಹೊತ್ತು ಬಿಟ್ಟು ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು, ಅದರ ಹಿಂದೆಯೇ ಡಬ್ಬಿಯ ಮುಚ್ಚಳ ತೆರೆದದ್ದು.

"ಒಂದೇ, ದೊಡ್ಡಮ್ಮ," ಎಂದೆ ನಾನು.